ನೆಟ್ ಇಲ್ಲದ ಶಾಲೆಯಲ್ಲಿ ವಿಕಿಪೀಡಿಯ: ಕಿವಿಕ್ಸ್ ಹೊಂದಿಸುವ ಕ್ರಮ

ಬ್ರೌಸರ್‌ನಲ್ಲಿ ಪುಟವೊಂದನ್ನು ಸೇವ್ ಮಾಡಿದರೆ ಒಂದು ಎಚ್‌ಟಿಎಂಎಲ್ ಕಡತ ಬರುತ್ತದೆ, ಅದರ ಜೊತೆಗೆ ಹತ್ತಾರು ಚೂರು ಕಡತಗಳಿರುವ ಒಂದು ಫೋಲ್ಡರ್ ಕೂಡ. ನಾಲ್ಕೈದು ಪುಟಗಳಿಗೆ ಇದು ಸಾಕು. ಸಾವಿರ ಪುಟ ಬೇಕೆಂದಾಗ ಪೆನ್‌ಡ್ರೈವ್‌ಗೆ ನಕಲು ಮಾಡುವುದಕ್ಕೇ ಅರ್ಧ ದಿನ ಹೋಗುತ್ತದೆ. ಅಷ್ಟಾದ ಮೇಲೂ ಒಂದು ಕೊಂಡಿ ಒತ್ತಿದರೆ ಅದು ನೆಟ್ ಹುಡುಕಿಕೊಂಡು ಹೋಗಿ ಖಾಲಿ ಪುಟ ತೋರಿಸುತ್ತದೆ. 2007ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಕಿವಿಕ್ಸ್ ಈ ತೊಡಕನ್ನು ಬಿಡಿಸಿದೆ. ಇಡೀ ಜಾಲತಾಣವನ್ನು ಚಿತ್ರ, ಕೊಂಡಿ, ಹುಡುಕುವ ಸೂಚಿ ಸಮೇತ ಝಿಮ್ ಎಂಬ ಒಂದೇ ಕಡತಕ್ಕೆ ಕುಗ್ಗಿಸಿ ಇಡಲಾಗಿರುತ್ತದೆ, ಕಿವಿಕ್ಸ್ ಅದನ್ನು ತೆರೆದು ತೋರಿಸುತ್ತದೆ. ಇನ್‌ಸ್ಟಾಲ್ ಮಾಡುವುದು ಹತ್ತು ನಿಮಿಷದ ಕೆಲಸ. ಆದರೆ ಯಾವ ಕಡತ ಹಾಕಬೇಕು, ಕನ್ನಡದಲ್ಲಿ ಹುಡುಕಿದರೆ ಸಿಗುತ್ತದೆಯೇ, ನಮ್ಮದೇ ಪಾಠಗಳನ್ನು ಸೇರಿಸುವುದು ಹೇಗೆ ಎಂಬುದನ್ನು ಮೊದಲೇ ಯೋಚಿಸದಿದ್ದರೆ, ಲ್ಯಾಬಿನಲ್ಲಿ ಕೂರಿಸಿದ ಆ ವ್ಯವಸ್ಥೆಯನ್ನು ಎರಡು ವಾರ ಕಳೆದರೆ ಯಾರೂ ಮುಟ್ಟುವುದಿಲ್ಲ.

ಮೊದಲು ಕಡತದ ಹೆಸರನ್ನು ಓದಲು ಕಲಿಯಬೇಕು. ಅದರಲ್ಲಿ ಯೋಜನೆಯ ಹೆಸರು, ಭಾಷೆಯ ಸಂಕೇತ, ವಿಷಯದ ವ್ಯಾಪ್ತಿ, ಬಗೆ, ಕೊನೆಗೆ ವರ್ಷ ಮತ್ತು ತಿಂಗಳು ಇರುತ್ತವೆ. 'ಮಿನಿ' ಎಂದಿದ್ದರೆ ಪ್ರತಿ ಲೇಖನದ ಪೀಠಿಕೆ ಮಾತ್ರ ಇದೆ ಎಂದರ್ಥ. 'ನೋಪಿಕ್' ಎಂದರೆ ಪೂರ್ತಿ ಪಠ್ಯ, ಆದರೆ ಚಿತ್ರವಿಲ್ಲ. 'ಮ್ಯಾಕ್ಸಿ'ಯಲ್ಲಿ ಎರಡೂ ಇವೆ. ಇಂಗ್ಲಿಷ್ ವಿಕಿಪೀಡಿಯದ ಮ್ಯಾಕ್ಸಿ 100 ಜಿಬಿ ದಾಟುತ್ತದೆ, ಶಾಲೆಯ ಹಳೆಯ ಲ್ಯಾಪ್‌ಟಾಪಿಗೆ ಅದು ಭಾರ. ಕನ್ನಡದ ಮ್ಯಾಕ್ಸಿ ಅದರ ಪಕ್ಕದಲ್ಲಿ ತೀರಾ ಚಿಕ್ಕದು, ಆದ್ದರಿಂದ ಕನ್ನಡಕ್ಕೆ ಚಿತ್ರ ಬಿಟ್ಟ ಬಗೆಯನ್ನು ಆರಿಸುವ ಕಾರಣವೇ ಇಲ್ಲ. ಇಂಗ್ಲಿಷ್ ಕೂಡ ಬೇಕಿದ್ದರೆ ಪೂರ್ತಿ ವಿಕಿಪೀಡಿಯದ ಬದಲು ವಿಷಯವಾರು ಸಂಗ್ರಹಗಳನ್ನು ತೆಗೆದುಕೊಳ್ಳಿ. ಪ್ರೌಢಶಾಲೆಯ ವಿಜ್ಞಾನಕ್ಕೆ, ಪರದೆಯ ಮೇಲೆಯೇ ಮಾಡಿ ನೋಡುವ ಫೆಟ್ ಪ್ರಯೋಗಗಳ ಝಿಮ್ ಜೊತೆಗಿದ್ದರೆ ಬಹಳ ಉಪಯೋಗ.

ದೊಡ್ಡ ಕಡತವನ್ನು ಬ್ರೌಸರ್‌ನಲ್ಲಿ ಇಳಿಸಬೇಡಿ. ನಡುವೆ ಸಂಪರ್ಕ ತಪ್ಪಿದರೆ ಕೆಲವೊಮ್ಮೆ ಕಡತ ಪೂರ್ತಿಯಾದಂತೆಯೇ ಕಾಣುತ್ತದೆ, ತೆರೆಯಲು ಹೋದಾಗ ದೋಷ ಬರುತ್ತದೆ. ಕಡತವನ್ನು ತುಣುಕು ತುಣುಕಾಗಿ ತರುವ ಟೊರೆಂಟ್‌ನಲ್ಲಿ ಇಳಿಸಿದರೆ ಪ್ರತಿ ತುಣುಕೂ ಪರೀಕ್ಷೆಗೊಳಗಾಗಿಯೇ ಬರುತ್ತದೆ. ಅದು ಆಗದಿದ್ದರೆ ವಿಂಡೋಸ್‌ನ ಆಜ್ಞೆ ಬರೆಯುವ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಆಜ್ಞೆ ಕೊಟ್ಟು, ಬಂದ ಮೌಲ್ಯವನ್ನು ಕಿವಿಕ್ಸ್‌ನವರು ಪ್ರಕಟಿಸಿರುವ ಎಸ್‌ಎಚ್‌ಎ-256 ಮೌಲ್ಯದೊಂದಿಗೆ (ಕಡತದ ಬೆರಳಚ್ಚಿನಂಥ ಸಂಕೇತ) ಹೋಲಿಸಿ. ಪೆನ್‌ಡ್ರೈವ್‌ನಲ್ಲಿ 20 ಜಿಬಿ ಜಾಗ ಖಾಲಿ ಇದ್ದರೂ 6 ಜಿಬಿ ಕಡತ ಹಿಡಿಸದೆ 'ಫೈಲ್ ಈಸ್ ಟೂ ಲಾರ್ಜ್' ಎಂದು ಬಂದರೆ ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಫ್ಯಾಟ್32 ರೂಪದಲ್ಲಿದೆ, ಆ ರೂಪದಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಒಳಗಿರುವುದನ್ನು ಬೇರೆಡೆ ಉಳಿಸಿಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟ್ ಓದದ ಹಳೆಯ ಮೊಬೈಲ್‌ಗಳಿಗಾಗಿ ಝಿಮ್-ಸ್ಪ್ಲಿಟ್ ಸಾಧನದಿಂದ ಕಡತವನ್ನು ತುಂಡು ಮಾಡಬಹುದು. ತುಂಡುಗಳೆಲ್ಲ ಒಂದೇ ಫೋಲ್ಡರ್‌ನಲ್ಲಿರಬೇಕು, ಹೆಸರು ಬದಲಿಸಬಾರದು.

ವಿಂಡೋಸ್‌ಗೆ ಕಿವಿಕ್ಸ್ ಒಂದು ಜಿಪ್ ಕಡತವಾಗಿ ಬರುತ್ತದೆ. ಅದನ್ನು ಬಿಚ್ಚದೆ ಒಳಗಿಂದಲೇ ಡಬಲ್ ಕ್ಲಿಕ್ ಮಾಡಿದರೆ ನಡೆಯುವುದಿಲ್ಲ, ಎಕ್ಸ್‌ಟ್ರಾಕ್ಟ್ ಮಾಡಲೇಬೇಕು. ವಿಸಿ ರನ್‌ಟೈಮ್ 140 ಎಂಬ ಡಿಎಲ್‌ಎಲ್ ಇಲ್ಲ ಎಂಬ ದೂರು ಬಂದರೆ ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಕಟ್ಟನ್ನು (ಪ್ಯಾಕೇಜ್) ಹಾಕಿ. ಲ್ಯಾಬಿಗೆ ಹೊರಡುವ ಮುನ್ನವೇ ಅದನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡಿರಿ, ಅಲ್ಲಿ ಹೋದ ಮೇಲೆ ಇಳಿಸಲು ನೆಟ್ ಇರುವುದಿಲ್ಲ. ಸೆಟ್ಟಿಂಗ್‌ಗಳಲ್ಲಿ ಎರಡನ್ನು ಬದಲಿಸಿದರೆ ಸಾಕು. ಒಂದು, ಝಿಮ್ ಕಡತಗಳಿರುವ ಫೋಲ್ಡರ್ ಅನ್ನು ಮಾನಿಟರ್ ಡೈರೆಕ್ಟರಿಯಾಗಿ ತೋರಿಸುವುದು. ಆಮೇಲೆ ಅಲ್ಲಿಗೆ ಹೊಸ ಕಡತ ಹಾಕಿದರೆ ತಾನಾಗಿಯೇ ಪಟ್ಟಿಗೆ ಬರುತ್ತದೆ. ಇನ್ನೊಂದು, ಜೂಮ್ ಅನ್ನು 120 ಪ್ರತಿಶತಕ್ಕೆ ಏರಿಸುವುದು. ಅಗ್ಗದ ಪರದೆಯಲ್ಲಿ ಕನ್ನಡದ ಒತ್ತಕ್ಷರಗಳು ಮಸುಕಾಗಿ ಕಂಡು ಮಕ್ಕಳು ಓದುವುದನ್ನೇ ಬಿಡುತ್ತಾರೆ. ಆಂಡ್ರಾಯ್ಡ್‌ನಲ್ಲಾದರೆ ಕಿವಿಕ್ಸ್ ತಾಣದಿಂದ ಎಪಿಕೆ (ಆ್ಯಪ್‌ನ ಇನ್‌ಸ್ಟಾಲ್ ಕಡತ) ಇಳಿಸಿ ಹಾಕಿಕೊಳ್ಳುವುದು ಮೇಲು. ಪ್ಲೇ ಸ್ಟೋರ್‌ನ ಆವೃತ್ತಿಗೆ ಗೂಗಲ್‌ನ ನಿಯಮದಿಂದಾಗಿ ಮೆಮೊರಿ ಕಾರ್ಡಿನ ಎಲ್ಲ ಫೋಲ್ಡರ್‌ಗಳನ್ನೂ ಓದುವ ಅನುಮತಿ ಸಿಗುವುದಿಲ್ಲ.

ಪ್ರತಿ ಕಂಪ್ಯೂಟರ್‌ಗೂ ಕಡತ ನಕಲು ಮಾಡುವ ಅಗತ್ಯವಿಲ್ಲ. ಒಂದು ಲ್ಯಾಪ್‌ಟಾಪ್‌ನಲ್ಲಿ ಕಿವಿಕ್ಸ್ ತೆರೆದು ಮೆನುವಿನಲ್ಲಿ 'ಲೋಕಲ್ ಕಿವಿಕ್ಸ್ ಸರ್ವರ್' ಆರಿಸಿ ಶುರು ಮಾಡಿದರೆ, 192.168.1.5:8080ರಂಥ ಒಂದು ವಿಳಾಸ ತೋರಿಸುತ್ತದೆ. ಅದೇ ಜಾಲದಲ್ಲಿರುವ ಬೇರೆ ಕಂಪ್ಯೂಟರ್, ಮೊಬೈಲ್‌ಗಳ ಬ್ರೌಸರ್‌ನಲ್ಲಿ ಆ ವಿಳಾಸ ಹೊಡೆದರೆ ಇಡೀ ಸಂಗ್ರಹ ತೆರೆಯುತ್ತದೆ, ಅವುಗಳಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಜಾಲಕ್ಕೆ ಲ್ಯಾಪ್‌ಟಾಪ್‌ನ ಹಾಟ್‌ಸ್ಪಾಟ್ ಸಾಕೆಂದುಕೊಳ್ಳುವವರು ಹೆಚ್ಚು. ಆದರೆ ಹಂಚಲು ಯಾವ ಸಂಪರ್ಕವೂ ಇಲ್ಲದಿದ್ದರೆ ವಿಂಡೋಸ್ ಹಾಟ್‌ಸ್ಪಾಟ್ ಸಾಮಾನ್ಯವಾಗಿ ಆನ್ ಆಗುವುದಿಲ್ಲ. ಒಂದು ಸಾಧಾರಣ ವೈಫೈ ರೂಟರ್ ತಂದು, ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟಿಗೆ ಕೇಬಲ್‌ನಲ್ಲಿ ಜೋಡಿಸಿ. ಇಂಟರ್‌ನೆಟ್ ಕೇಬಲ್‌ಗೆಂದಿರುವ ವ್ಯಾನ್ ಪೋರ್ಟ್ ಖಾಲಿಯೇ ಇರಲಿ.

ವಿಳಾಸ ಲ್ಯಾಪ್‌ಟಾಪ್‌ನಲ್ಲಿ ತೆರೆದು ಮೊಬೈಲ್‌ನಲ್ಲಿ ತೆರೆಯದಿದ್ದರೆ ಮೊದಲು ವಿಂಡೋಸ್ ಫೈರ್‌ವಾಲ್ ನೋಡಿ. ಜಾಲ 'ಪಬ್ಲಿಕ್' ಎಂದಿದ್ದರೆ 'ಪ್ರೈವೇಟ್' ಮಾಡಿ ಕಿವಿಕ್ಸ್‌ಗೆ ಅನುಮತಿ ಕೊಡಿ. ಆಮೇಲೆ ಬ್ರೌಸರ್‌ನ ವಿಳಾಸಪಟ್ಟಿ ನೋಡಿ. ಕೆಲವು ಬ್ರೌಸರ್‌ಗಳು ತಾವಾಗಿಯೇ ಎಚ್‌ಟಿಟಿಪಿಎಸ್ ಸೇರಿಸಿಬಿಡುತ್ತವೆ, ಕಿವಿಕ್ಸ್ ಸರ್ವರ್‌ಗೆ ಬರಿಯ ಎಚ್‌ಟಿಟಿಪಿ ಬೇಕು. ರೂಟರ್‌ನ ಗೆಸ್ಟ್ ವೈಫೈಗೆ ಸೇರಿದ ಸಾಧನಗಳು ಒಂದನ್ನೊಂದು ಕಾಣುವುದಿಲ್ಲ, ಅದನ್ನು ಬಳಸಬೇಡಿ. ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಎಂದು ಗೊತ್ತಾದ ಕೂಡಲೇ ಆಂಡ್ರಾಯ್ಡ್ ಮೊಬೈಲ್ ಡೇಟಾಕ್ಕೆ ಜಾರುತ್ತದೆ. ಮಕ್ಕಳಿಗೆ ಡೇಟಾ ಆಫ್ ಮಾಡಲು ಹೇಳಿ. ರೂಟರ್ ಮತ್ತೆ ಆನ್ ಆದಾಗ ಲ್ಯಾಪ್‌ಟಾಪ್‌ನ ಐಪಿ ವಿಳಾಸ ಬದಲಾಗಬಹುದು, ಗೋಡೆಗೆ ಅಂಟಿಸಿದ ವಿಳಾಸ ಆಗ ಸುಳ್ಳಾಗುತ್ತದೆ. ಸಾಧನಗಳಿಗೆ ಐಪಿ ಹಂಚುವುದನ್ನು ಹೊಂದಿಸುವ, ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಆ ಲ್ಯಾಪ್‌ಟಾಪ್‌ಗೆ ಒಂದು ಐಪಿ ಕಾಯ್ದಿರಿಸಿದ ಮೇಲೆಯೇ ಕ್ಯೂಆರ್ ಕೋಡ್ ಮುದ್ರಿಸಿ. ಮುಚ್ಚಳ ಹಾಕಿದರೂ ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗ್ ಬದಲಿಸಿ.

ಇನ್ನು ಹುಡುಕಾಟ. ಕನ್ನಡದ ಮಟ್ಟಿಗೆ ನಿಜವಾದ ಕಷ್ಟ ಇರುವುದು ಇಲ್ಲಿ. ಝಿಮ್ ಒಳಗಿನ ಪಠ್ಯಸೂಚಿಯನ್ನು ಕಟ್ಟುವುದು ಝೇಪಿಯನ್ ಎಂಬ ತಂತ್ರಾಂಶ. ಇಂಗ್ಲಿಷ್ ಪದದ ಬಾಲ ಕತ್ತರಿಸಿ ಮೂಲರೂಪ ಹಿಡಿಯುವುದು ಅದಕ್ಕೆ ಗೊತ್ತು, ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಬಿಡಿಸುವುದು ಗೊತ್ತಿಲ್ಲ. ಹೀಗಾಗಿ ಹಂಪಿ, ಹಂಪಿಯ, ಹಂಪಿಗೆ, ಹಂಪಿಯಲ್ಲಿ ಇವೆಲ್ಲ ಅದರ ಲೆಕ್ಕದಲ್ಲಿ ಸಂಬಂಧವಿಲ್ಲದ ನಾಲ್ಕು ಪದಗಳು. 'ಹಂಪಿಯಲ್ಲಿ ಇರುವ ದೇವಸ್ಥಾನಗಳು' ಎಂದು ಮಗು ಹುಡುಕಿದರೆ ಏನೂ ಸಿಗದೆ ಹೋಗಬಹುದು, ಲೇಖನ ಒಳಗೇ ಇರುತ್ತದೆ. ಮಕ್ಕಳಿಗೆ ಮೊದಲ ದಿನವೇ ಎರಡು ರೂಢಿ ಹಚ್ಚಿ: ಪ್ರತ್ಯಯ ಬಿಟ್ಟು ಹೆಸರನ್ನಷ್ಟೇ ಬರೆಯುವುದು, ಪೂರ್ತಿ ಬರೆದು ಎಂಟರ್ ಒತ್ತುವ ಬದಲು ಎರಡು ಮೂರು ಅಕ್ಷರ ಬರೆದು ಕೆಳಗೆ ಮೂಡುವ ಶೀರ್ಷಿಕೆಗಳಿಂದ ಆರಿಸುವುದು. ಶೀರ್ಷಿಕೆಯ ಸಲಹೆಗಳು ಪದ ಅರ್ಧ ಇದ್ದಾಗಲೇ ಬರುತ್ತವೆ, ಆದ್ದರಿಂದ ಈ ದಾರಿ ಹೆಚ್ಚು ನಂಬಿಕೆಯದು.

ಶಾಲೆಯದೇ ಪಾಠ, ಪ್ರಶ್ನೆಪತ್ರಿಕೆ, ಊರಿನ ಇತಿಹಾಸದ ಬರಹಗಳನ್ನೂ ಝಿಮ್ ಮಾಡಬಹುದು. ಮಾಡಲೇಬೇಕು ಎನ್ನುತ್ತೇನೆ, ಏಕೆಂದರೆ ಮಕ್ಕಳು ಮೊದಲು ತೆರೆಯುವುದು ಅದನ್ನೇ. ಉಬುಂಟು ಅಥವಾ ಡೆಬಿಯನ್‌ನಲ್ಲಿ ಝಿಮ್-ಟೂಲ್ಸ್ ಎಂಬ ಕಟ್ಟು ಹಾಕಿಕೊಂಡರೆ ಝಿಮ್-ರೈಟರ್-ಎಫ್‌ಎಸ್ ಸಿಗುತ್ತದೆ. ಎಚ್‌ಟಿಎಂಎಲ್ ಪುಟಗಳಿರುವ ಫೋಲ್ಡರ್, ಮುಖಪುಟದ ಹೆಸರು, 48 x 48 ಪಿಕ್ಸೆಲ್‌ನ ಪಿಎನ್‌ಜಿ ಚಿಹ್ನೆ, ಕಡತದ ಗುರುತಿನ ಹೆಸರು, ಶೀರ್ಷಿಕೆ, ಚಿಕ್ಕ ವಿವರಣೆ, ಬರೆದವರ ಹಾಗೂ ಪ್ರಕಾಶಕರ ಹೆಸರು, ಮೂರಕ್ಷರದ ಭಾಷಾ ಸಂಕೇತ (ಕನ್ನಡಕ್ಕೆ ಕೆ-ಎ-ಎನ್) ಇಷ್ಟನ್ನು ಕೊಟ್ಟರೆ ಅದು ಕಡತ ಕಟ್ಟುತ್ತದೆ. ಎಡವುವುದು ಸಾಮಾನ್ಯವಾಗಿ ಅದಕ್ಕೂ ಮೊದಲೇ, ಪುಟ ತಯಾರಿಸುವಾಗ. ವಿಂಡೋಸ್‌ನಲ್ಲಿ ಕಡತದ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ಒಂದೇ. ಝಿಮ್‌ನಲ್ಲಿ ಅವು ಬೇರೆ ಬೇರೆ, ಹಾಗಾಗಿ ಮನೆಯಲ್ಲಿ ತೆರೆದ ಚಿತ್ರ ಇಲ್ಲಿ ಕಾಣೆಯಾಗುತ್ತದೆ. ಹೆಸರುಗಳೆಲ್ಲ ಚಿಕ್ಕಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಲಿ. ಕೊಂಡಿಗಳು ಸಿ ಡ್ರೈವ್‌ನಿಂದ ಶುರುವಾಗಬಾರದು, ಫೋಲ್ಡರ್‌ನ ಒಳಗಿನಿಂದಲೇ ಶುರುವಾಗಬೇಕು. ಪ್ರತಿ ಪುಟದ ಟೈಟಲ್ ಟ್ಯಾಗ್‌ನಲ್ಲಿ ಬೇರೆ ಬೇರೆ ಹೆಸರಿರಬೇಕು. ಎಲ್ಲಕ್ಕೂ 'ಪಾಠ' ಎಂದಿಟ್ಟರೆ ಹುಡುಕುಪಟ್ಟಿಯಲ್ಲಿ 'ಪಾಠ' ಎಂದೇ ನಲವತ್ತು ಸಾಲು ಬರುತ್ತದೆ. ಪ್ರತ್ಯಯದ ತೊಂದರೆಗೆ ಇಲ್ಲಿ ನಾವೇ ಪರಿಹಾರ ಕೊಡಬಹುದು. ಪುಟದ ಕೊನೆಗೆ 'ಮುಖ್ಯ ಪದಗಳು' ಎಂದು ಬರೆದು ಹಂಪಿ, ವಿಜಯನಗರ, ತುಂಗಭದ್ರಾ ಎಂದು ಬರಿಯ ಹೆಸರುಗಳ ಒಂದು ಸಾಲು ಸೇರಿಸಿ.

'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಕಡತಗಳಲ್ಲಿ ಇನ್ನೊಂದು ತೊಂದರೆ ಇದೆ. ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಬರೆದ ಪಠ್ಯ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಸೂಚಿಗೂ ಅದೇ ಹೋಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಬರುವ ಪದಗಳನ್ನು ಕಣ್ಣಿಟ್ಟು ತಿದ್ದಿ, ಪರಿವರ್ತಕಗಳು ತಪ್ಪುವುದು ಹೆಚ್ಚಾಗಿ ಅಲ್ಲೇ. ಗೂಗಲ್ ಫಾಂಟ್ಸ್‌ನಿಂದ ಅಕ್ಷರ ತರಿಸಿಕೊಳ್ಳುವ ಪುಟ ನೆಟ್ ಇಲ್ಲದಾಗ ಸಾಧನದಲ್ಲಿ ಯಾವ ಫಾಂಟ್ ಇದೆಯೋ ಅದಕ್ಕೆ ಇಳಿಯುತ್ತದೆ, ಕನ್ನಡ ಫಾಂಟೇ ಇಲ್ಲದಿದ್ದರೆ ಸಾಲುಸಾಲು ಚೌಕ ಕಾಣುತ್ತದೆ. ನೋಟೋ ಸ್ಯಾನ್ಸ್ ಕನ್ನಡದ ಫಾಂಟ್ ಕಡತವನ್ನು ಪುಟಗಳ ಫೋಲ್ಡರ್‌ನಲ್ಲೇ ಇಟ್ಟು ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಅದನ್ನೇ ತೋರಿಸಿ. ಡೆಬಿಯನ್ ಹಾಕಿದ ಕಂಪ್ಯೂಟರ್‌ಗಳಿಗೆ ಗುಬ್ಬಿ, ನವಿಲು ಫಾಂಟ್‌ಗಳ ಕಟ್ಟುಗಳಿವೆ. ಕಡತ ತಯಾರಾದ ಮೇಲೆ ಝಿಮ್-ಚೆಕ್ ಓಡಿಸಿದರೆ ತುಂಡಾದ ಕೊಂಡಿಗಳನ್ನೂ ಹೊರಗಿನ ನೆಟ್ ಬೇಡುವ ಭಾಗಗಳನ್ನೂ ಪಟ್ಟಿ ಮಾಡಿ ಕೊಡುತ್ತದೆ.

ಬೇರೆಯವರ ಜಾಲತಾಣ ಬೇಕಿದ್ದರೆ ಝಿಮಿಟ್ ಎಂಬ ಸಾಧನ ಅದನ್ನು ಪುಟಪುಟವಾಗಿ ಸುತ್ತಿ ಝಿಮ್ ಮಾಡುತ್ತದೆ. ತಾಣದವರ ಒಪ್ಪಿಗೆ ಪಡೆದೇ ಮಾಡಿ. ಲಾಗಿನ್ ಬೇಕಾದ ಪುಟ, ಸರ್ವರ್‌ನಿಂದ ಉತ್ತರ ತರುವ ಫಾರ್ಮ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಝಿಮಿಟ್‌ನ ಮೊದಲ ಸರಣಿಯಲ್ಲಿ ಮಾಡಿದ ಹಳೆಯ ಕಡತಗಳು ಸರ್ವರ್ ಇರುವ ಲ್ಯಾಪ್‌ಟಾಪ್‌ನಲ್ಲಿ ತೆರೆದರೂ, ಬೇರೆ ಸಾಧನದಿಂದ ಐಪಿ ವಿಳಾಸದ ಮೂಲಕ ಹೋದರೆ ತೆರೆಯುವುದಿಲ್ಲ. ಅವು ನೆಚ್ಚುವ ಸರ್ವಿಸ್ ವರ್ಕರ್‌ಗೆ (ಬ್ರೌಸರ್ ಹಿನ್ನೆಲೆಯಲ್ಲಿ ಓಡಿಸುವ ಸ್ಕ್ರಿಪ್ಟ್) ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್, ಅಂದರೆ ಅದೇ ಕಂಪ್ಯೂಟರ್‌ನ ವಿಳಾಸ, ಬೇಕು. ಎರಡನೇ ಸರಣಿಯಿಂದ ಈ ಅಡ್ಡಿ ಇಲ್ಲ, ಹೊಸದಾಗಿ ಮಾಡಿದ ಕಡತವನ್ನೇ ಇಳಿಸಿಕೊಳ್ಳಿ.

ಕಿವಿಕ್ಸ್‌ನವರು ಬದಲಾದ ಭಾಗವನ್ನಷ್ಟೇ ಬಿಡಿಯಾಗಿ ಕೊಡುವುದಿಲ್ಲ, ಪ್ರತಿ ಸಲವೂ ಪೂರ್ತಿ ಕಡತ ಇಳಿಸಬೇಕು. ಶಾಲೆಗೆ ವರ್ಷಕ್ಕೊಮ್ಮೆ, ಬೇಸಿಗೆ ರಜೆಯಲ್ಲಿ ಮಾಡಿದರೆ ಸಾಕು. ಹೊಸದನ್ನು ಹಾಕಿ, ನಾಲ್ಕೈದು ಲೇಖನ ತೆರೆದು, ಕನ್ನಡದಲ್ಲಿ ಹುಡುಕಿ, ಒಂದು ಮೊಬೈಲ್‌ನಿಂದಲೂ ನೋಡಿದ ಮೇಲೆಯೇ ಹಳೆಯದನ್ನು ಅಳಿಸಿ. ಎರಡನ್ನೂ ಬಿಟ್ಟರೆ ಪಟ್ಟಿಯಲ್ಲಿ ಒಂದೇ ಹೆಸರಿನ ಎರಡು ವಿಕಿಪೀಡಿಯ ಕಾಣುತ್ತವೆ, ಅರ್ಧ ತರಗತಿ ಹಳೆಯದರಲ್ಲೇ ಓದುತ್ತಿರುತ್ತದೆ.