ನಾರ್ಸಿಸಿಸ್ಟ್ ಎಂದು ಬೈಯುವ ಮೊದಲು

ಈಚೆಗೆ ಯಾವ ರೀಲ್ಸ್ ತೆರೆದರೂ ಒಬ್ಬ ನಾರ್ಸಿಸಿಸ್ಟ್ ಸಿಗುತ್ತಾನೆ. ಮೆಸೇಜಿಗೆ ಉತ್ತರ ಕೊಡದ ಗಂಡ, ರಜೆ ಕೊಡದ ಮ್ಯಾನೇಜರ್, ಸೊಸೆಯ ಅಡುಗೆಗೆ ಮೂಗು ಮುರಿಯುವ ಅತ್ತೆ, ಬಿಟ್ಟುಹೋದ ಹುಡುಗಿ, ಎಲ್ಲರಿಗೂ ಒಂದೇ ಹಣೆಪಟ್ಟಿ. ಇಂಥವರನ್ನು ಗುರುತಿಸುವುದು ಹೇಗೆ, ಇವರಿಂದ ಪಾರಾಗುವುದು ಹೇಗೆ ಎಂದು ಹೇಳಿಕೊಡುವ ವಿಡಿಯೋಗಳು ಕನ್ನಡದಲ್ಲೂ ಬೇಕಾದಷ್ಟಿವೆ. ಆ ಸಮಸ್ಯೆ ತನಗೇ ಇದ್ದರೆ ಏನು ಮಾಡಬೇಕು ಅಂತ ಹೇಳುವವರು ತೀರಾ ಕಡಿಮೆ. ನನಗೆ ಸಿಟ್ಟು ಬರುವುದು ಇಲ್ಲೇ. ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರ್ ಒಂದು ಮಾನಸಿಕ ಸಮಸ್ಯೆ. ಅದನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ.

‘ತನ್ನ ಮೇಲೆ ತನಗೇ ವಿಪರೀತ ಪ್ರೀತಿ’ ಅನ್ನೋದು ಎಲ್ಲರಿಗೂ ಗೊತ್ತಿರುವ ವಿವರಣೆ. ತೊಂದರೆ ಇರುವುದು ಬೇರೆ ಕಡೆ. ನಮ್ಮಲ್ಲಿ ಹೆಚ್ಚಿನವರಿಗೆ ‘ನಾನು ಪರವಾಗಿಲ್ಲ’ ಎಂಬ ಭಾವನೆ ಒಳಗಿನಿಂದಲೇ ಒಸರುತ್ತಿರುತ್ತದೆ. ಬಾಸ್ ಬೈದರೆ ಸಂಜೆವರೆಗೆ ಬೇಜಾರು. ಮನೆಗೆ ಬಂದು ಉಂಡು ಮಲಗಿದರೆ ಬೆಳಿಗ್ಗೆ ಹೊತ್ತಿಗೆ ಸರಿಹೋಗಿರುತ್ತದೆ. ಈ ಸಮಸ್ಯೆ ಇರುವವರಲ್ಲಿ ಆ ಒರತೆಯೇ ಸರಿಯಾಗಿ ಕೆಲಸ ಮಾಡುವುದಿಲ್ಲ.

ಬೆಂಗಳೂರಿನಲ್ಲಿ ಬೋರ್‌ವೆಲ್ ಬತ್ತಿದ ಮನೆಯನ್ನು ನೆನಪಿಸಿಕೊಳ್ಳಿ. ಮೇಲೆ ದೊಡ್ಡ ಟ್ಯಾಂಕು, ಕೆಳಗೆ ಸಂಪು, ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇಲ್ಲ. ಆದರೆ ನೀರೆಲ್ಲ ಟ್ಯಾಂಕರಿನದು. ಟ್ಯಾಂಕರ್ ಒಂದು ದಿನ ತಪ್ಪಿತೋ, ಬೆಳಿಗ್ಗೆ ಆರಕ್ಕೇ ಮನೆಯೆಲ್ಲ ರಂಪ. ಇಲ್ಲಿ ಟ್ಯಾಂಕರ್ ಅಂದರೆ ಬೇರೆಯವರ ಹೊಗಳಿಕೆ, ಲೈಕು, ಪ್ರಮೋಷನ್, ‘ನಿಮ್ಮಂಥವರು ಯಾರಿದ್ದಾರೆ ಸರ್’ ಅನ್ನುವ ಮಾತು. ಅದು ದಿನಾ ಬರಬೇಕು. ಬರುವಂತೆ ಮಾಡಲು ದೊಡ್ಡ ದೊಡ್ಡ ಮಾತು ಬೇಕು, ಗೊತ್ತಿರುವ ದೊಡ್ಡವರ ಹೆಸರು ಬೇಕು, ಕೆಲವೊಮ್ಮೆ ಸುಳ್ಳೂ ಬೇಕು. ಜೊತೆಗೆ ಬೋರ್‌ವೆಲ್ ಬತ್ತಿರುವುದು ಪಕ್ಕದ ಮನೆಗೆ ತಿಳಿಯಬಾರದು ಎಂಬ ಭಯ ಬೇರೆ. ಇಡೀ ಸಮಸ್ಯೆಯ ಬುಡದಲ್ಲಿ ಕೂತಿರುವುದು ಈ ನಾಚಿಕೆ. ಅದಕ್ಕೇ ಸಂಶೋಧಕರು ಇದರ ಎರಡು ಮುಖಗಳ ಬಗ್ಗೆ ಮಾತಾಡುತ್ತಾರೆ. ಒಂದು, ಎದೆ ಸೆಟೆಸಿ ಮೆರೆಯುವ ಮುಖ. ಇನ್ನೊಂದು, ಯಾರು ಏನಂದುಕೊಂಡರೋ ಎಂದು ಮುದುಡಿ ಕೂರುವ ಮುಖ. ಒಬ್ಬರೇ ವ್ಯಕ್ತಿ ಎರಡರ ನಡುವೆ ಓಲಾಡುವುದೂ ಉಂಟು.

ಒಂದು ಮೀಟಿಂಗ್ ಊಹಿಸಿಕೊಳ್ಳಿ. ನಲವತ್ತರ ಆಸುಪಾಸಿನ ಟೀಮ್ ಲೀಡ್ ಪ್ರೆಸೆಂಟೇಷನ್ ಕೊಡುತ್ತಿದ್ದಾನೆ. ಹೊಸದಾಗಿ ಸೇರಿದ ಹುಡುಗಿ, ‘ಸರ್, ಮೂರನೇ ಕಾಲಮ್ಮಿನ ಟೋಟಲ್ ತಪ್ಪಿದೆ ಅನ್ಸುತ್ತೆ’ ಅನ್ನುತ್ತಾಳೆ. ಅವನ ಕಿವಿ ಬಿಸಿಯಾಗುತ್ತದೆ. ಅವಳ ಕಾಲೇಜು, ಅವಳ ಇಂಗ್ಲಿಷು, ಎಲ್ಲದರ ಮೇಲೂ ಕೊಂಕು ಮಾತು ಆಡಿಬಿಡುತ್ತಾನೆ. ಉಳಿದವರೆಲ್ಲ ತಲೆತಗ್ಗಿಸಿ ಫೋನ್ ನೋಡುತ್ತಾರೆ. ನಮಗೆ ಕಾಣುವುದು ಇಷ್ಟು. ಅವಳಿಗೆ ಆದ ನೋವು ನಿಜ, ಅದಕ್ಕೆ ಅವನೇ ಹೊಣೆ. ಆದರೆ ರಾತ್ರಿ ಎರಡು ಗಂಟೆಗೆ ಅವನು ಲೈಟ್ ಹಾಕದ ಹಾಲ್‌ನಲ್ಲಿ ಕೂತು ಅದೇ ಎಕ್ಸೆಲ್ ಶೀಟನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿರುತ್ತಾನೆ. ಒಂದು ಲೆಕ್ಕ ತಪ್ಪಿತು ಎಂದು ಅವನಿಗೆ ಅನಿಸುತ್ತಿಲ್ಲ. ‘ನಾನೇ ನಾಲಾಯಕ್ ಅಂತ ಎಲ್ಲರಿಗೂ ಗೊತ್ತಾಗಿಹೋಯ್ತು’ ಅನಿಸುತ್ತಿದೆ. ಇಂಥ ಒಂದು ರಾತ್ರಿಯಿಂದ ಯಾರಿಗೂ ಕಾಯಿಲೆಯ ಹೆಸರಿಡಲು ಬರುವುದಿಲ್ಲ. ಹರೆಯ ಕಳೆಯುವ ಹೊತ್ತಿಗೇ ಶುರುವಾಗಿ, ಮನೆ, ಆಫೀಸು, ಸ್ನೇಹ ಎಲ್ಲ ಕಡೆಯೂ, ವರ್ಷಗಟ್ಟಲೆ ಹೀಗೇ ನಡೆದರೆ ಮಾತ್ರ ವೈದ್ಯರು ಆ ದಿಕ್ಕಿನಲ್ಲಿ ಯೋಚಿಸುತ್ತಾರೆ.

ತಪ್ಪು ತೋರಿಸಿದಾಗ ಉಕ್ಕುವ ಈ ಸಿಟ್ಟಿನ ಬಗ್ಗೆ 1972ರಲ್ಲೇ ವಿವರವಾಗಿ ಬರೆದವರು ಮನೋವಿಶ್ಲೇಷಕ ಹೈನ್ಜ್ ಕೊಹುಟ್. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ, ನಾಜಿಗಳಿಂದ ತಪ್ಪಿಸಿಕೊಂಡು ಶಿಕಾಗೋ ಸೇರಿದವರು. ಮಗುವಿಗೆ ತನ್ನನ್ನು ಕಂಡು ಅರಳುವ ಒಂದು ಮುಖ ಬೇಕು, ಅದು ಸಿಗದಿದ್ದರೆ ದೊಡ್ಡವನಾದ ಮೇಲೂ ಆ ಮುಖವನ್ನೇ ಹುಡುಕುತ್ತಾನೆ ಅನ್ನುವುದು ಅವರ ವಾದ. ಅದೇ ವಿಯೆನ್ನಾದಿಂದ ಚಿಕ್ಕ ವಯಸ್ಸಿನಲ್ಲೇ ಚಿಲಿಗೆ ಓಡಿಹೋಗಿ, ಆಮೇಲೆ ಅಮೆರಿಕಕ್ಕೆ ಬಂದ ಇನ್ನೊಬ್ಬ ಮನೋವಿಶ್ಲೇಷಕ ಆಟೋ ಕೆರ್ನ್‌ಬರ್ಗ್ ಇದನ್ನು ಒಪ್ಪಲಿಲ್ಲ. ಆ ಡೌಲಿನ ಕೆಳಗೆ ಅಸೂಯೆ, ಕೋಪ ಇದೆ, ಅದನ್ನು ನೇರವಾಗಿ ಎದುರಿಸಬೇಕು ಅಂದರು. ಇಬ್ಬರ ಜಗಳ ದಶಕದಷ್ಟು ನಡೆಯಿತು. ಕೊಹುಟ್ 1979ರಲ್ಲಿ ‘ಮಿಸ್ಟರ್ ಝಡ್’ ಎಂಬ ರೋಗಿಯ ಕತೆ ಪ್ರಕಟಿಸಿದರು. ಆ ರೋಗಿ ಬೇರೆ ಯಾರೂ ಅಲ್ಲ, ಸ್ವತಃ ಕೊಹುಟ್ ಎಂದು ಅವರ ಜೀವನಚರಿತ್ರೆ ಬರೆದವರೂ ಸೇರಿ ಹಲವರು ನಂಬುತ್ತಾರೆ. ಈ ಸಮಸ್ಯೆಯನ್ನು ಅಷ್ಟು ಕರುಣೆಯಿಂದ ನೋಡಿದ ಮನುಷ್ಯನಿಗೂ ತನ್ನ ಹೆಸರು ಹಾಕಿ ಬರೆಯಲು ಆಗಲಿಲ್ಲ!

ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಬಂದದ್ದು 1980ರಲ್ಲಿ. ಈಗ ಅದರಲ್ಲಿ 9 ಲಕ್ಷಣಗಳಿವೆ, ಕನಿಷ್ಠ 5 ಇರಬೇಕು. ಪಟ್ಟಿ ನೋಡಿ ಟಿಕ್ ಹಾಕಿದರೆ ಸಾಲದು. ಅದರಿಂದ ಆ ವ್ಯಕ್ತಿಯ ಬದುಕು ಹದಗೆಟ್ಟಿರಬೇಕು, ಇಲ್ಲವೇ ಅವನಿಗೆ ಸಂಕಟ ಇರಬೇಕು. ಎದುರು ಕೂತು ಮಾತಾಡದೆ ಇದು ಗೊತ್ತಾಗುವುದಾದರೂ ಹೇಗೆ? 1964ರಲ್ಲಿ ‘ಫ್ಯಾಕ್ಟ್’ ಎಂಬ ಪತ್ರಿಕೆ, ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಬ್ಯಾರಿ ಗೋಲ್ಡ್‌ವಾಟರ್ ಮಾನಸಿಕವಾಗಿ ಸರಿಯಿದ್ದಾರಾ ಎಂದು 12,356 ಮನೋವೈದ್ಯರಿಗೆ ಪತ್ರ ಬರೆದು ಕೇಳಿತು. 1,189 ಜನ, ಅವರನ್ನು ಪರೀಕ್ಷೆ ಮಾಡದೆಯೇ, ಲಾಯಕ್ಕಿಲ್ಲ ಅಂದುಬಿಟ್ಟರು. ಗೋಲ್ಡ್‌ವಾಟರ್ ಕೋರ್ಟಿಗೆ ಹೋಗಿ ಗೆದ್ದರು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ, ಪರೀಕ್ಷಿಸದ ವ್ಯಕ್ತಿಗೆ ಯಾರೂ ಕಾಯಿಲೆಯ ಹೆಸರು ಇಡಬಾರದು ಎಂದು ನಿಯಮವನ್ನೇ ಮಾಡಿತು. ಓದಿದ ಡಾಕ್ಟರಿಗೇ ಇಷ್ಟು ಕಟ್ಟುಪಾಡು. ಮೂವತ್ತು ಸೆಕೆಂಡಿನ ವಿಡಿಯೋ ನೋಡಿ ನಾವು ಮಾವನಿಗೆ ಡಯಾಗ್ನೋಸಿಸ್ ಕೊಡುತ್ತೇವೆ.

ಇದರ ಜೊತೆಗೆ ನಮ್ಮಲ್ಲಿ ಒಂದು ಹಳೇ ನಂಬಿಕೆಯೂ ಸೇರಿಕೊಂಡಿದೆ. ‘ಕೊಬ್ಬು ಜಾಸ್ತಿಯಾಗಿದೆ, ನಾಲ್ಕು ಜನರ ಮುಂದೆ ಮಾನ ತೆಗೆದರೆ ಬುದ್ಧಿ ಬರುತ್ತೆ.’ ಅವಮಾನಕ್ಕೇ ಹೆದರಿ ಬದುಕುತ್ತಿರುವವನಿಗೆ ಇನ್ನಷ್ಟು ಅವಮಾನ ಮಾಡಿದರೆ ಅವನು ಇನ್ನೂ ಬಿಗಿಯಾಗುತ್ತಾನೆ, ಅಷ್ಟೇ. ಕೆಲವರು ಒಳಗೊಳಗೇ ಕುಸಿದು ಸಾಯುವ ಯೋಚನೆಗೂ ಬರುತ್ತಾರೆ. ಇಂಥವರಿಗೆ ಬೇರೆಯವರ ನೋವು ಗೊತ್ತೇ ಆಗುವುದಿಲ್ಲ ಅನ್ನುವ ಮಾತೂ ಪೂರ್ತಿ ಸರಿಯಲ್ಲ. 2011ರಲ್ಲಿ ಜರ್ಮನಿಯಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಎದುರಿನವರಿಗೆ ಏನನಿಸುತ್ತಿದೆ ಎಂದು ಗುರುತಿಸುವುದರಲ್ಲಿ ಈ ರೋಗಿಗಳು ಬೇರೆಯವರಿಗಿಂತ ಹೆಚ್ಚೇನೂ ಹಿಂದೆ ಬೀಳಲಿಲ್ಲ. ಆ ನೋವು ತಮ್ಮ ಮನಸ್ಸಿಗೂ ತಟ್ಟುವುದರಲ್ಲಿ ಹಿಂದೆ ಬಿದ್ದರು.

ಹಾಗಾದರೆ ಅವರ ಜೊತೆ ಬದುಕುವವರ ಗತಿ? ಇದನ್ನು ನಾನು ಹಗುರ ಮಾಡುತ್ತಿಲ್ಲ. ದಿನಾ ಮಾತಿನ ಇರಿತ ತಿಂದು ಬದುಕುವುದು ಸುಮ್ನೆ ಮಾತಲ್ಲ. ಆದರೆ ಅಲ್ಲಿಂದ ಹೊರಬರಲು ಗಂಡನಿಗೆ ಕಾಯಿಲೆಯ ಹೆಸರು ಬೇಕಿಲ್ಲ ಅಲ್ವಾ? 2005ರ ಕೌಟುಂಬಿಕ ಹಿಂಸೆ ಕಾಯ್ದೆ ಬೈಗುಳ, ಅವಮಾನ, ದುಡ್ಡು ಕೊಡದೆ ಸತಾಯಿಸುವುದು ಎಲ್ಲವನ್ನೂ ಹಿಂಸೆ ಅನ್ನುತ್ತದೆ. ಹಿಂಸೆ ಮಾಡುವ ಬಹಳ ಜನಕ್ಕೆ ಈ ಸಮಸ್ಯೆ ಇರುವುದಿಲ್ಲ. ಈ ಸಮಸ್ಯೆ ಇರುವವರೆಲ್ಲ ಹಿಂಸೆ ಮಾಡುವವರೂ ಅಲ್ಲ.

ಕಾರಣ ಒಂದೇ ಅಂತಿಲ್ಲ, ವಂಶದಿಂದ ಬರುವ ಪಾಲೂ ಇದೆ. ಬೆಳೆಸುವ ಬಗ್ಗೆ ನೆದರ್ಲೆಂಡ್ಸ್‌ನಲ್ಲಿ 7ರಿಂದ 11 ವರ್ಷದ 565 ಮಕ್ಕಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಬಂತು. ನಮ್ಮ ಮಗು ಉಳಿದ ಮಕ್ಕಳಿಗಿಂತ ಮೇಲು ಅನ್ನುವ ಅಪ್ಪ ಅಮ್ಮಂದಿರ ಮಕ್ಕಳಲ್ಲಿ ಈ ಗುಣ ಹೆಚ್ಚಿತು. ಪ್ರೀತಿ ತೋರಿಸಿದವರ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚಿತು. ಇದು ಕಾಯಿಲೆಯ ಲೆಕ್ಕವಲ್ಲ, ಸ್ವಭಾವದ ಲೆಕ್ಕ. ಆದರೂ ಮಾರ್ಕ್ಸ್ ಕಾರ್ಡ್ ಹಿಡಿದು ಓಡಾಡುವ ನಾವು ಗಮನಿಸಬೇಕಾದ್ದು.

ಚಿಕಿತ್ಸೆ ಇದೆ. ಇದಕ್ಕೆಂದೇ ಮಾತ್ರೆ ಇಲ್ಲ, ಮಾತಿನ ಚಿಕಿತ್ಸೆಯೇ ಮುಖ್ಯ. ನಿಧಾನ. ಅರ್ಧಕ್ಕೇ ಬಿಟ್ಟುಹೋಗುವವರು ಜಾಸ್ತಿ, ಯಾಕೆಂದರೆ ಅಲ್ಲೂ ಮೊದಲು ಎದುರಾಗುವುದು ನಾಚಿಕೆಯೇ. ಎಷ್ಟೋ ಜನ ಬರುವುದು ನಿದ್ದೆ ಇಲ್ಲ, ಖಿನ್ನತೆ, ಕುಡಿತ, ಡೈವೋರ್ಸ್ ಎಂಬ ದೂರು ಹೊತ್ತು. ಹಾಗೇ ಬಂದರೂ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹಿಂದಿನ ಆವೃತ್ತಿಯಲ್ಲೂ ಇದಕ್ಕೆ ಪ್ರತ್ಯೇಕ ಶೀರ್ಷಿಕೆ ಇರಲಿಲ್ಲ. 2022ರಿಂದ ಜಾರಿಯಲ್ಲಿರುವ ಆವೃತ್ತಿಯಲ್ಲಿ ಇಂಥ ಹೆಸರುಗಳನ್ನೇ ಬಹುಮಟ್ಟಿಗೆ ಕೈಬಿಟ್ಟು, ವ್ಯಕ್ತಿತ್ವದ ತೊಂದರೆ ಎಷ್ಟು ತೀವ್ರ ಅನ್ನುವುದನ್ನೇ ಮೊದಲು ನೋಡುತ್ತಾರೆ. ಹಾಗಾಗಿ ‘ನಾನು ನಾರ್ಸಿಸಿಸ್ಟ್ ಇರಬಹುದಾ’ ಎಂದು ಒಬ್ಬರೇ ಕೂತು ಕೊರಗುವವರು ಆ ಪದವನ್ನು ಬಾಯಿಗೆ ತರಬೇಕಾಗಿಯೂ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ‘ಯಾರಾದರೂ ಸಣ್ಣ ತಪ್ಪು ತೋರಿಸಿದರೂ ನನಗೆ ತಡೆಯೋಕಾಗಲ್ಲ, ಆಮೇಲೆ ನಿದ್ದೆ ಬರಲ್ಲ’ ಎಂದು ಶುರುಮಾಡಿದರೆ ಸಾಕು.