ಯುದ್ಧ ಬೇಕೋ ಬೇಡವೋ: ಎರಡೂ ಕಡೆಯ ಮಾತು ಸರಿ ಅನಿಸಿದರೆ?

ಪ್ರಶ್ನೆ: ಎಲ್ಲಾದರೂ ಯುದ್ಧದ ಮಾತು ಶುರುವಾದರೆ ಜನ ಎರಡು ಪಾಲಾಗುತ್ತಾರೆ. ಬೇಕು ಅನ್ನುವವರ ಮಾತು ಕೇಳಿದರೆ ಹೌದಲ್ಲ ಅನಿಸುತ್ತದೆ. ಬೇಡ ಅನ್ನುವವರ ಮಾತು ಕೇಳಿದರೆ ಅದೂ ಹೌದು ಅನಿಸುತ್ತದೆ. ಇಬ್ಬರೂ ಓದುವುದು ಅದೇ ಸುದ್ದಿ. ಒಂದು ಯುದ್ಧ ನ್ಯಾಯವೋ ಅಲ್ಲವೋ ಅಂತ ನಮ್ಮಂಥವರು ತೀರ್ಮಾನಿಸುವುದು ಹೇಗೆ?

ಉತ್ತರ: ಎರಡೂ ಸರಿ ಅನಿಸುವುದರಲ್ಲಿ ತಪ್ಪೇನಿಲ್ಲ. ಎಷ್ಟೋ ಸಲ ಎರಡೂ ಸರಿಯೇ ಇರುತ್ತವೆ, ಯಾಕೆಂದರೆ ಅವರು ಉತ್ತರ ಕೊಡುತ್ತಿರುವ ಪ್ರಶ್ನೆಗಳೇ ಬೇರೆ ಬೇರೆ. ಎದುರಾಳಿ ಎಂಥ ಕಟುಕ ಅಂತ ಒಬ್ಬರು ವಿವರಿಸುತ್ತಿರುತ್ತಾರೆ. ಅದು ಸರಿ, ಆದರೆ ಈಗಲೇ ಯಾಕೆ ಅಂತ ಇನ್ನೊಬ್ಬರು ಕೇಳುತ್ತಿರುತ್ತಾರೆ. ಮೊದಲನೆಯದಕ್ಕೆ ಎಷ್ಟು ಪುರಾವೆ ಕೊಟ್ಟರೂ ಎರಡನೆಯದಕ್ಕೆ ಉತ್ತರ ಸಿಗುವುದಿಲ್ಲ.

2003ರ ಇರಾಕ್ ಯುದ್ಧವನ್ನೇ ನೋಡಿ, ಅದೂ ಬ್ರಿಟನ್ನಿನ ಕಡೆಯಿಂದ. ಇರಾಕಿನ ಬಳಿ ಸಮೂಹನಾಶಕ ಅಸ್ತ್ರಗಳಿವೆ ಅನ್ನುವ ಕಾರಣ ಕೊಟ್ಟು ಅಮೆರಿಕ, ಬ್ರಿಟನ್ ಯುದ್ಧಕ್ಕೆ ಹೊರಟಿದ್ದವು. ಅಲ್ಲಿ ವಾದ ಬೀದಿಯಲ್ಲೂ ನಡೆಯಿತು, ಸಂಸತ್ತಿನಲ್ಲೂ ನಡೆಯಿತು. ಆಮೇಲೆ ಸರ್ಕಾರವೇ ನೇಮಿಸಿದ ಸಮಿತಿಯೊಂದು ಏಳು ವರ್ಷ ಕೂತು ಕಡತಗಳನ್ನೆಲ್ಲ ಬಿಚ್ಚಿ ನೋಡಿತು. ಯುದ್ಧ ಶುರುವಾಗುವ ಮುಂಚೆ ಯಾರು ಏನು ಹೇಳಿದ್ದರು ಅನ್ನುವುದು ಇಷ್ಟು ಚೆನ್ನಾಗಿ ದಾಖಲಾಗಿರುವುದು ಅಪರೂಪ.

ಯುದ್ಧ ಬೇಕು ಅಂದವರೆಲ್ಲ ರಕ್ತಪಿಪಾಸುಗಳೇನಾಗಿರಲಿಲ್ಲ. ಇರಾಕ್ ಆಳುತ್ತಿದ್ದ ಸದ್ದಾಂ ಹುಸೇನನ ಪಡೆ 1988ರಲ್ಲಿ ತನ್ನದೇ ದೇಶದ ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಹಾಕಿ ಸುಮಾರು 5,000 ಕುರ್ದ್ ಜನರನ್ನು ಕೊಂದಿತ್ತು. 1990ರಲ್ಲಿ ಅವನು ಕುವೈತನ್ನು ನುಂಗಿದ್ದ. ಕುರ್ದರ ಪರವಾಗಿ ವರ್ಷಗಟ್ಟಲೆ ದನಿ ಎತ್ತಿದ್ದ, ಆಗ ಅಧಿಕಾರದಲ್ಲಿದ್ದ ಲೇಬರ್ ಪಕ್ಷದ ಸಂಸದೆ ಆನ್ ಕ್ಲೂಯಿಡ್ ಯುದ್ಧವನ್ನು ಬೆಂಬಲಿಸಿದ್ದು ಇದೇ ಕಾರಣಕ್ಕೆ. ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಬೇಡ ಅಂದವರ ಬಹುಪಾಲು ಜನ ಸದ್ದಾಂ ಒಳ್ಳೆಯವನು ಅಂತ ಹೇಳಿರಲೇ ಇಲ್ಲ. 2003ರ ಫೆಬ್ರವರಿ 15ರಂದು ಲಂಡನ್ನಿನ ಬೀದಿಗಳು ಕಂಡರಿಯದಷ್ಟು ತುಂಬಿದ್ದವು. ಅಲ್ಲಿ ನಡೆದವರಲ್ಲಿ ಎಲ್ಲ ಯುದ್ಧವೂ ಪಾಪ ಅನ್ನುವವರು ಇದ್ದರು, ಅಮೆರಿಕವನ್ನು ಕಂಡರೆ ಆಗದವರೂ ಇದ್ದರು. ಆದರೆ ಸರ್ಕಾರಕ್ಕೆ ನಿಜವಾದ ತಲೆನೋವಾದದ್ದು ಇವರಿಬ್ಬರೂ ಅಲ್ಲ, ‘ಅಸ್ತ್ರಗಳ ತಪಾಸಣೆ ನಡೀತಿದೆ ಅಲ್ವಾ, ಮುಗಿಯಲಿ’ ಅಂದವರು.

ತಪಾಸಣೆ ನಿಜಕ್ಕೂ ನಡೆಯುತ್ತಿತ್ತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2002ರ ನವೆಂಬರಿನಲ್ಲಿ, ಇರಾಕ್ ಅಸ್ತ್ರ ತಪಾಸಣೆಗೆ ಪೂರ್ತಿ ಸಹಕರಿಸಬೇಕು ಅನ್ನುವ 1441ನೇ ನಿರ್ಣಯವನ್ನು 15–0 ಮತಗಳಿಂದ ಒಪ್ಪಿತ್ತು. ಅದೇ ತಿಂಗಳು ಹಾನ್ಸ್ ಬ್ಲಿಕ್ಸ್ ಮುಂದಾಳತ್ವದ ತಂಡ ಇರಾಕಿನಲ್ಲಿ ಕೆಲಸ ಶುರುಮಾಡಿತು. ಹುಡುಕುತ್ತಿದ್ದ ರಾಸಾಯನಿಕ, ಜೈವಿಕ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. ಸಿಕ್ಕಿದ್ದು ಅಲ್ ಸಮೂದ್ 2 ಅನ್ನುವ ಕ್ಷಿಪಣಿ. ಇರಾಕಿಗೆ ಹಾಕಿದ್ದ ಮಿತಿ 150 ಕಿಲೋಮೀಟರ್, ಇದು ಅದಕ್ಕಿಂತ ಜಾಸ್ತಿ ದೂರ ಹಾರುತ್ತಿತ್ತು. ನಾಶ ಮಾಡಿ ಅಂತ ಬ್ಲಿಕ್ಸ್ ಹೇಳಿದರು. ಮಾರ್ಚ್ 1ರಿಂದ ಇರಾಕ್ ಒಂದೊಂದನ್ನೇ ಪುಡಿ ಮಾಡತೊಡಗಿತು.

ಇದನ್ನೇ ಎರಡು ಕಡೆಯವರು ಎರಡು ರೀತಿ ಓದಿದರು. ‘ನೋಡಿ, ಇಷ್ಟು ದಿನ ಬಚ್ಚಿಟ್ಟಿದ್ದ, ಗಡಿಯಲ್ಲಿ ಸೈನ್ಯ ನಿಂತ ಮೇಲೆ ತಾನೇ ಬಗ್ಗಿದ್ದು’ ಅಂದರು ಒಬ್ಬರು. ‘ನೋಡಿ, ಬಗ್ಗುತ್ತಿದ್ದಾನೆ, ಹಾಗಾದರೆ ಗುಂಡು ಹಾರಿಸುವುದು ಯಾಕೆ’ ಅಂದರು ಇನ್ನೊಬ್ಬರು. ನನ್ನ ಪ್ರಕಾರ ಇಬ್ಬರ ಮಾತೂ ನಿಜವೇ. ಇನ್ನೂ ಎಷ್ಟು ಸಮಯ ಬೇಕು ಅನ್ನುವುದಕ್ಕೆ ಮಾರ್ಚ್ 7ರಂದು ಬ್ಲಿಕ್ಸ್ ಭದ್ರತಾ ಮಂಡಳಿಯಲ್ಲಿ ಉತ್ತರ ಕೊಟ್ಟರು: ವರ್ಷಗಳು ಬೇಡ, ವಾರಗಳು ಸಾಲವು, ತಿಂಗಳುಗಳು ಬೇಕು. ಅದಾಗಿ 13 ದಿನಕ್ಕೆ ಯುದ್ಧ ಶುರುವಾಯಿತು.

ನಡುವೆ ಮಾರ್ಚ್ 17ರಂದು, ಹಿಂದೆ ಬ್ರಿಟನ್ನಿನ ವಿದೇಶಾಂಗ ಸಚಿವರಾಗಿದ್ದ ರಾಬಿನ್ ಕುಕ್ ಯುದ್ಧವನ್ನು ವಿರೋಧಿಸಿ ಸಂಪುಟ ಬಿಟ್ಟರು. ಸಾಮಾನ್ಯ ಅರ್ಥದಲ್ಲಿ ಸಮೂಹನಾಶಕ ಅಸ್ತ್ರ ಅನ್ನುವಂಥದ್ದು ಇರಾಕಿನ ಬಳಿ ಬಹುಶಃ ಇಲ್ಲ ಅಂತ ಅವರು ಸದನದಲ್ಲೇ ಹೇಳಿದರು. ಮರುದಿನ ಮತದಾನ. ಯುದ್ಧಕ್ಕೆ ಕಾರಣ ಇನ್ನೂ ಸಾಬೀತಾಗಿಲ್ಲ ಅನ್ನುವ ತಿದ್ದುಪಡಿಗೆ 217 ಮತ ಬಿದ್ದು ಅದು ಸೋತಿತು. ಸರ್ಕಾರದ ನಿರ್ಣಯ 412–149ರಲ್ಲಿ ಗೆದ್ದಿತು. ಆ 217ನ್ನು ನಾನು ಮುಖ್ಯ ಅನ್ನುತ್ತೇನೆ. ಅವರು ಹೇಳಿದ್ದು ‘ಯಾವತ್ತೂ ಬೇಡ’ ಅಂತಲ್ಲ, ‘ಇನ್ನೂ ಸಾಬೀತಾಗಿಲ್ಲ’ ಅಂತ.

ಏಳು ವರ್ಷ ಕೂತಿತ್ತು ಅಂದೆನಲ್ಲ, ಆ ಚಿಲ್ಕಾಟ್ ಸಮಿತಿಯ ವರದಿ 2016ರಲ್ಲಿ ಬಂತು. ಶಾಂತಿಯ ದಾರಿಗಳು ಮುಗಿದಿರಲಿಲ್ಲ, ಯುದ್ಧ ಆ ಹೊತ್ತಿಗೆ ಕೊನೆಯ ದಾರಿಯಾಗಿರಲಿಲ್ಲ, ಅಪಾಯವನ್ನು ಇಲ್ಲದ ಖಚಿತತೆಯಿಂದ ಜನರ ಮುಂದೆ ಇಡಲಾಯಿತು ಅಂತ ಅದು ಹೇಳಿತು. ಈ ಖಚಿತತೆಯ ಒಂದು ಮಾದರಿ ಬೇಕಾದರೆ 45 ನಿಮಿಷದ ಕತೆ ಇದೆ. ಇರಾಕ್ 45 ನಿಮಿಷದಲ್ಲಿ ರಾಸಾಯನಿಕ ಅಸ್ತ್ರ ಪ್ರಯೋಗಿಸಬಲ್ಲದು ಅಂತ ಸರ್ಕಾರದ ಕಡತ 2002ರಲ್ಲಿ ಹೇಳಿತ್ತು. ಮೂಲ ಮಾಹಿತಿ ಇದ್ದದ್ದು ರಣರಂಗದಲ್ಲಿ ಬಳಸುವ ಸಣ್ಣ ಮದ್ದುಗುಂಡಿನ ಬಗ್ಗೆ. ಕೆಲವು ಪತ್ರಿಕೆಗಳ ಶೀರ್ಷಿಕೆ ತಲುಪುವ ಹೊತ್ತಿಗೆ ಅದು ದೂರಕ್ಕೆ ಹಾರಿ ಬಂದು ಬೀಳುವ ಕ್ಷಿಪಣಿ ಆಗಿತ್ತು.

ಕಾನೂನು ಇದಕ್ಕೆ ಉತ್ತರ ಕೊಡುವುದಿಲ್ಲವೇ ಅಂತ ನೀವು ಕೇಳಬಹುದು. ಅರ್ಧ ಕೊಡುತ್ತದೆ. 1945ರ ವಿಶ್ವಸಂಸ್ಥೆಯ ಸನ್ನದು ಬಲಪ್ರಯೋಗಕ್ಕೆ ಎರಡೇ ಬಾಗಿಲು ಇಟ್ಟಿದೆ: ದಾಳಿಯಾದಾಗ ಆತ್ಮರಕ್ಷಣೆ, ಇಲ್ಲವೇ ಭದ್ರತಾ ಮಂಡಳಿಯ ಅನುಮತಿ. ಆದರೆ ಆ ಮಂಡಳಿಯಲ್ಲಿ ಐದು ದೇಶಗಳಿಗೆ ವೀಟೋ, ಅಂದರೆ ನಿರ್ಣಯವನ್ನೇ ತಡೆಯುವ ಅಧಿಕಾರ ಇದೆ. ಒಬ್ಬರು ಬೇಡ ಅಂತ ಕೈ ಎತ್ತಿದರೆ ಮುಗಿಯಿತು, ಎದುರಿಗೆ ಏನೇ ನಡೆಯುತ್ತಿರಲಿ. 1999ರಲ್ಲಿ ಅನುಮತಿ ಇಲ್ಲದೆಯೇ ಅಮೆರಿಕ, ಯುರೋಪ್ ದೇಶಗಳ ಸೇನಾ ಒಕ್ಕೂಟ ನೇಟೋ, ಕೊಸೊವೊದ ಅಲ್ಬೇನಿಯನ್ನರನ್ನು ಕಾಪಾಡಲು ಅಂತ ಯುಗೊಸ್ಲಾವಿಯದ ಮೇಲೆ 78 ದಿನ ಬಾಂಬ್ ಹಾಕಿತು. ಅದನ್ನು ಪರಿಶೀಲಿಸಿದ ಸ್ವತಂತ್ರ ಆಯೋಗ ಕೊಟ್ಟ ತೀರ್ಪು ವಿಚಿತ್ರವಾಗಿತ್ತು: ಕಾನೂನಿಗೆ ವಿರುದ್ಧ, ಆದರೆ ನ್ಯಾಯಕ್ಕೆ ಸರಿ. 1971ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ದೇಶಗಳು ಭಾರತ, ಪಾಕಿಸ್ತಾನ ಎರಡೂ ಕದನ ನಿಲ್ಲಿಸಬೇಕು ಅಂತ ಮತ ಹಾಕಿದವು, ವಿರುದ್ಧ ಬಿದ್ದದ್ದು 11. ಆ ಯುದ್ಧ ಮುಗಿದಾಗ ಬಾಂಗ್ಲಾದೇಶ ಹುಟ್ಟಿತ್ತು. ಮತ ಎಣಿಸಿ ನ್ಯಾಯ ಅಳೆಯಲು ಹೊರಟರೆ ಇಂಥ ಕಡೆ ಲೆಕ್ಕ ಕೈಕೊಡುತ್ತದೆ.

ಹಾಗಾಗಿ ನಾನು ಬೇರೊಂದು ಪ್ರಶ್ನೆ ಹಿಡಿದು ನೋಡುತ್ತೇನೆ. ಇನ್ನು ಕೆಲವು ತಿಂಗಳು ಕಾದರೆ ಏನಾಗುತ್ತದೆ, ಯಾರಿಗೆ ಆಗುತ್ತದೆ?

2003ರ ಇರಾಕಿಗೆ ಇದನ್ನು ಕೇಳಿ. ತಪಾಸಕರು ಒಳಗಿದ್ದರು, ಕ್ಷಿಪಣಿಗಳು ಪುಡಿಯಾಗುತ್ತಿದ್ದವು. ಕಾದಿದ್ದರೆ ಗಡಿಯಲ್ಲಿ ಸೈನ್ಯ ನಿಲ್ಲಿಸಿಕೊಂಡಿರುವ ಖರ್ಚು ಬೆಳೆಯುತ್ತಿತ್ತು, ಬೇಸಿಗೆ ಬಂದು ಸೈನಿಕರಿಗೆ ಕಷ್ಟವಾಗುತ್ತಿತ್ತು. ಸದ್ದಾಂ ಆಡಳಿತದ ಹಿಂಸೆಯೂ ಇರಾಕಿಗಳ ಪಾಲಿಗೆ ಮುಂದುವರಿಯುತ್ತಿತ್ತು, ಅದು ಸಣ್ಣ ಮಾತಲ್ಲ. ಆದರೂ ಆ ಮಾರ್ಚಿನಲ್ಲೇ ಹೋಗಬೇಕು ಅನ್ನುವುದಕ್ಕೆ ಇವು ಸಾಲವು ಅಂತ ನನ್ನ ಅಭಿಪ್ರಾಯ.

1994ರ ರುವಾಂಡಕ್ಕೂ ಅದನ್ನೇ ಕೇಳಿ. ಅಲ್ಲಿ ಹುಟು ಉಗ್ರರು ಸುಮಾರು 100 ದಿನಗಳಲ್ಲಿ ಅಂದಾಜು 8 ಲಕ್ಷ ಜನರನ್ನು, ಹೆಚ್ಚಾಗಿ ಟುಟ್ಸಿ ಸಮುದಾಯದವರನ್ನು, ಕೊಂದರು. ಕೊಲೆಗಳು ನಡೆಯುತ್ತಿರುವಾಗಲೇ ಭದ್ರತಾ ಮಂಡಳಿ ಅಲ್ಲಿದ್ದ ಸುಮಾರು 2,500 ಶಾಂತಿಪಾಲಕರನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಅಲ್ಲಿ ಕಾಯುವುದು ಅಂದರೆ ದಿನಕ್ಕೆ ಸಾವಿರಾರು ಹೆಣ. ಯುದ್ಧ ಬೇಡ ಅಂತ ನೆಮ್ಮದಿಯಾಗಿ ಹೇಳುವವರು ಈ ಲೆಕ್ಕವನ್ನೂ ಎದುರಿಸಬೇಕು. ಒಂದೇ ಪ್ರಶ್ನೆ, ಎರಡು ಕಡೆ ಎರಡು ಉತ್ತರ.

ಇನ್ನೊಂದು ಕಿವಿಮಾತು. ಯಾವುದೇ ವಾದದಲ್ಲಿ ಸಾಬೀತು ಮಾಡುವ ಹೊರೆ ಯಾರ ಮೇಲೆ ಬಿದ್ದಿದೆ ಅಂತ ನೋಡಿ. ‘ಅವನ ಹತ್ತಿರ ಅಸ್ತ್ರ ಇಲ್ಲ ಅಂತ ನೀವೇ ತೋರಿಸಿ’ ಅನ್ನುವ ಮಾತು ಬಂದರೆ ಹುಷಾರಾಗಿರಿ. ಇಲ್ಲದ್ದನ್ನು ಯಾರೂ ತೋರಿಸಲಾರರು. ಶುರುವಾದ ಮೇಲೆ ಹಿಂದಕ್ಕೆ ತರಲಾಗದ ಕೆಲಸ ಇದು, ಆದ್ದರಿಂದ ಹೋಗಬೇಕು ಅನ್ನುವವರೇ ಪುರಾವೆ ಕೊಡಬೇಕು.

ನಿಮ್ಮ ತೀರ್ಮಾನ ಏನೇ ಇರಲಿ, ಅದನ್ನು ಕಾರಣ ಸಮೇತ, ತಾರೀಕು ಹಾಕಿ ಬರೆದಿಟ್ಟುಕೊಳ್ಳಿ, ಯುದ್ಧ ಶುರುವಾಗುವ ಮುಂಚೆಯೇ. ನೆನಪನ್ನು ನಂಬಿಕೊಂಡರೆ ಕಷ್ಟ. ಬ್ರಿಟನ್ನಿನಲ್ಲಿ ಯೂಗವ್ ಅನ್ನುವ ಸಂಸ್ಥೆಯ 2003ರ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಸರಾಸರಿ ಶೇ. 54 ಜನ ಇರಾಕ್ ಯುದ್ಧ ಸರಿ ಅಂದಿದ್ದರು. ಆಗ ನಿಮಗೆ ಏನನಿಸಿತ್ತು ಅಂತ ಅದೇ ಸಂಸ್ಥೆ 2015ರಲ್ಲಿ ಕೇಳಿದಾಗ, ಸರಿ ಅಂತ ಅನಿಸಿತ್ತು ಅಂದವರು ಶೇ. 37 ಮಾತ್ರ.