ಪ್ರೋಟೀನ್ ಕರೋನಾ: ನ್ಯಾನೊಕಣದ ಮೇಲೆ ಯಾರು ಕೂರುತ್ತಾರೆ?

ನ್ಯಾನೊಔಷಧದ ಚಿತ್ರ ಸ್ಲೈಡುಗಳಲ್ಲಿ ಹೇಗಿರುತ್ತದೆ ಗೊತ್ತಲ್ಲ? ಒಂದು ಪುಟ್ಟ ಗೋಲಿ, ಒಳಗೆ ಔಷಧ, ಹೊರಗೆ ಗುರಿ ಹುಡುಕಲು ಅಂಟಿಸಿದ ಅಣುಗಳು. ಸೀಸೆಯಲ್ಲಿರುವ ತನಕ ಆ ಚಿತ್ರ ಸರಿ. ರಕ್ತಕ್ಕೆ ಇಳಿದ ಅರ್ಧ ನಿಮಿಷದೊಳಗೇ ಕಣದ ಮೈಗೆ ಪ್ರೋಟೀನ್‌ಗಳು ಮೆತ್ತಿಕೊಳ್ಳುತ್ತವೆ. ಈ ಹೊದಿಕೆಯೇ ಪ್ರೋಟೀನ್ ಕರೋನಾ. ಡಬ್ಲಿನ್‌ನ ಕೆನೆತ್ ಡಾಸನ್ ಮತ್ತು ಲುಂಡ್‌ನ ಸಾರಾ ಲಿನ್ಸೆ ಅವರ ತಂಡಗಳು 2007ರಲ್ಲಿ ಈ ಹೆಸರನ್ನು ಬಳಕೆಗೆ ತಂದವು. ವೈರಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಜೀವಕೋಶ ಮೊದಲು ಮುಟ್ಟುವುದು ಈ ಹೊದಿಕೆಯನ್ನು. ಹಾಗಾಗಿ ಕಣ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಬಹುಮಟ್ಟಿಗೆ ಇದೇ ತೀರ್ಮಾನಿಸುತ್ತದೆ.

ಒಂದು ಲೀಟರ್ ಪ್ಲಾಸ್ಮಾದಲ್ಲಿ (ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ದ್ರವ) 60ರಿಂದ 80 ಗ್ರಾಂ ಪ್ರೋಟೀನ್ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಲ್ಬುಮಿನ್ ಒಂದೇ. ಉಳಿದದ್ದರಲ್ಲಿ ಸಾವಿರಾರು ಬಗೆ. ಇಷ್ಟು ದಟ್ಟಣೆಯಲ್ಲಿ ಕಣದ ಮೈ ಖಾಲಿ ಉಳಿಯುವುದು ಕಷ್ಟ. ಮೇಲ್ಮೈ ನೀರಿಗೆ ಒಗ್ಗದ್ದಾಗಿದ್ದರೆ, ಅಥವಾ ಅದರ ಮೇಲೆ ಚಾರ್ಜ್ ಇದ್ದರೆ, ಅಂಟಿಕೊಳ್ಳುವುದು ಇನ್ನೂ ಸಲೀಸು.

ಆದರೆ ಮೊದಲು ಬಂದವರೇ ಕೊನೆಯವರೆಗೂ ಇರುವುದಿಲ್ಲ. ನಮ್ಮ ಬಸ್ಸುಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಆಲ್ಬುಮಿನ್ ಹಾಗೆ. ಸಂಖ್ಯೆ ಜಾಸ್ತಿ, ಗಾತ್ರ ಚಿಕ್ಕದು, ಬೇಗ ಬಂದು ಜಾಗ ಹಿಡಿಯುತ್ತದೆ. ಆಮೇಲೆ ನಿಧಾನಕ್ಕೆ ಬರುವ, ಮೇಲ್ಮೈಗೆ ಗಟ್ಟಿಯಾಗಿ ಅಂಟುವ ಪ್ರೋಟೀನ್‌ಗಳು ಅದನ್ನು ಎಬ್ಬಿಸುತ್ತವೆ. ಇದಕ್ಕೆ ವ್ರೋಮನ್ ಪರಿಣಾಮ ಎಂದು ಹೆಸರು. ಲಿಯೋ ವ್ರೋಮನ್ 1960ರ ದಶಕದಲ್ಲಿ ಇಂಥ ಅದಲುಬದಲನ್ನು ಗಾಜಿನಂಥ ಮೇಲ್ಮೈಗಳ ಮೇಲೆ ನೋಡಿದವರು. ನ್ಯಾನೊಕಣಗಳ ಮಾತೇ ಆಗ ಇರಲಿಲ್ಲ. (ಅವರು ಡಚ್ ಭಾಷೆಯ ಹೆಸರಾಂತ ಕವಿಯೂ ಹೌದು. ಪರೀಕ್ಷೆಗೆ ಬರಲ್ಲ, ಸುಮ್ನೆ ಹೇಳಿದೆ.) ಗಟ್ಟಿಯಾಗಿ ಅಂಟಿ ಗಂಟೆಗಟ್ಟಲೆ ಉಳಿಯುವ ಪದರ ಹಾರ್ಡ್ ಕರೋನಾ. ಅದರ ಮೇಲೆ ಸಡಿಲವಾಗಿ ಬಂದು ಹೋಗುತ್ತಿರುವುದು ಸಾಫ್ಟ್ ಕರೋನಾ.

ಇನ್ನು ಕೂತವರ ಗುಣ. ಇಮ್ಯುನೋಗ್ಲಾಬ್ಯುಲಿನ್ ಜಿ, ಕಾಂಪ್ಲಿಮೆಂಟ್ ಸಿ3 ಅಂಥ ರೋಗನಿರೋಧಕ ಪ್ರೋಟೀನ್‌ಗಳು ಕೂತರೆ ಲಿವರ್ ಮತ್ತು ಗುಲ್ಮದ ಮ್ಯಾಕ್ರೋಫೇಜ್‌ಗಳು (ಹೊರಗಿನ ವಸ್ತುಗಳನ್ನು ನುಂಗುವ ಕೋಶಗಳು) ಕಣವನ್ನು ಗುರುತಿಸಿ ನುಂಗುತ್ತವೆ. ಹೀಗೆ ಗುರುತು ಹಚ್ಚುವ ಪ್ರೋಟೀನ್‌ಗಳೇ ಆಪ್ಸೊನಿನ್‌ಗಳು. ಇದನ್ನು ತಪ್ಪಿಸಲು ಕಣದ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್, ಅಂದರೆ ಪೆಗ್, ಲೇಪಿಸುತ್ತಾರೆ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್ ಎಂಬ ಕ್ಯಾನ್ಸರ್ ಔಷಧದಲ್ಲಿ ಇರುವುದು ಇದೇ ಉಪಾಯ. ಪೆಗ್ ಹಾಕಿದರೆ ಪ್ರೋಟೀನ್ ಅಂಟುವುದೇ ಇಲ್ಲ ಎಂದು ಎಷ್ಟೋ ನೋಟ್ಸ್‌ಗಳಲ್ಲಿ ಬರೆದಿರುತ್ತದೆ. ಅದನ್ನು ನಂಬಬೇಡಿ. ಕಡಿಮೆ ಅಂಟುತ್ತವೆ, ಅಷ್ಟೇ. ಜರ್ಮನಿಯ ಮೈಂಟ್ಸ್‌ನ ತಂಡ 2016ರಲ್ಲಿ ತೋರಿಸಿದ್ದು ಇನ್ನೂ ಸ್ವಾರಸ್ಯವಾಗಿದೆ. ಪ್ರೋಟೀನೇ ಇಲ್ಲದ ದ್ರಾವಣದಲ್ಲಿ ಪೆಗ್ ಕಣಗಳನ್ನೂ ಮ್ಯಾಕ್ರೋಫೇಜ್‌ಗಳು ಚೆನ್ನಾಗಿಯೇ ನುಂಗಿದವು. ಮೊದಲೇ ಪ್ಲಾಸ್ಮಾದಲ್ಲಿ ಇಟ್ಟ ಕಣಗಳನ್ನು ಬಹಳ ಕಡಿಮೆ ನುಂಗಿದವು. ಕ್ಲಸ್ಟೆರಿನ್ ಎಂಬ ಒಂದೇ ಪ್ರೋಟೀನ್ ಅಂಟಿಸಿದರೂ ನುಂಗುವುದು ಇಳಿಯಿತು. ಅಂದರೆ ಆ ಕಣಗಳು ತಪ್ಪಿಸಿಕೊಳ್ಳಲು ಪೆಗ್ ಒಂದೇ ಸಾಲದು, ಸರಿಯಾದ ಪ್ರೋಟೀನೂ ಬೇಕು.

ಕರೋನಾ ಕೆಲಸ ಕೆಡಿಸಿದ ಉದಾಹರಣೆಗೆ ಟ್ರಾನ್ಸ್‌ಫೆರಿನ್ ಪ್ರಯೋಗ ಸಾಕು. ಟ್ರಾನ್ಸ್‌ಫೆರಿನ್ ಎಂದರೆ ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್. ಕ್ಯಾನ್ಸರ್ ಕೋಶಗಳ ಮೇಲೆ ಅದನ್ನು ಹಿಡಿಯುವ ರಿಸೆಪ್ಟರ್‌ಗಳು ಜಾಸ್ತಿ ಇರುವುದರಿಂದ ಸಿಲಿಕಾ ಕಣಕ್ಕೆ ಟ್ರಾನ್ಸ್‌ಫೆರಿನ್ ಅಂಟಿಸಿದರು. ಸೀರಮ್‌ಗೆ ಹಾಕಿದ ಮೇಲೆ ಅದನ್ನು ಬೇರೆ ಪ್ರೋಟೀನ್‌ಗಳು ಮುಚ್ಚಿಬಿಟ್ಟವು. ಕಣಗಳು ಕೋಶದೊಳಗೇನೋ ಹೋದವು, ಆದರೆ ಗುರಿ ಹಿಡಿಯುವ ಶಕ್ತಿ ಹೋಯಿತು. ಡಬ್ಲಿನ್ ತಂಡ ಇದನ್ನು 2013ರಲ್ಲಿ ಪ್ರಕಟಿಸಿತು.

ಕರೋನಾವೇ ಔಷಧಕ್ಕೆ ದಾರಿ ತೋರಿದ ಕಥೆ ಪ್ಯಾಟಿಸಿರಾನ್‌ನದು (ಮಾರುಕಟ್ಟೆ ಹೆಸರು ಆನ್‌ಪಾಟ್ರೊ). 2018ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಒಪ್ಪಿದ ಮೊದಲ ಸಿಆರ್‌ಎನ್‌ಎ (ಆಯ್ದ ಪ್ರೋಟೀನ್ ತಯಾರಾಗದಂತೆ ತಡೆಯುವ ಪುಟ್ಟ ಆರ್‌ಎನ್‌ಎ) ಔಷಧ ಇದು. ಟ್ರಾನ್ಸ್‌ಥೈರೆಟಿನ್ ಪ್ರೋಟೀನ್ ನರಗಳಲ್ಲಿ ಶೇಖರವಾಗುವ ಒಂದು ವಂಶವಾಹಿ ಕಾಯಿಲೆಗೆ ಕೊಡುತ್ತಾರೆ. ಆ ಪ್ರೋಟೀನ್ ಬಹುಪಾಲು ತಯಾರಾಗುವುದು ಲಿವರ್‌ನಲ್ಲಿ. ಹಾಗಾಗಿ ಸಿಆರ್‌ಎನ್‌ಎ ಲಿವರ್ ಕೋಶದ ಒಳಗೇ ತಲುಪಬೇಕು.

ಇದನ್ನು ಹೊತ್ತೊಯ್ಯುವುದು ಲಿಪಿಡ್, ಅಂದರೆ ಕೊಬ್ಬಿನಂಥ ಅಣುಗಳ, ಕಣ. ಅದರ ಹೊರಗಿನ ಪೆಗ್-ಲಿಪಿಡ್‌ಗೆ 14 ಕಾರ್ಬನ್‌ಗಳ ಗಿಡ್ಡ ಬಾಲ. ಬಾಲ ಗಿಡ್ಡ ಇರುವುದರಿಂದ ಹಿಡಿತ ಸಡಿಲ, ರಕ್ತದಲ್ಲಿ ಪೆಗ್ ಮೆಲ್ಲಗೆ ಕಳಚಿಕೊಳ್ಳುತ್ತದೆ. ಖಾಲಿಯಾದ ಮೇಲ್ಮೈಗೆ ಅಪೊಲಿಪೊಪ್ರೋಟೀನ್ ಇ ಬಂದು ಕೂರುತ್ತದೆ. ರಕ್ತದಲ್ಲಿ ಕೊಬ್ಬು ಸಾಗಿಸುವ ಕಣಗಳ ಮೇಲೂ ಇರುವುದು ಇದೇ ಪ್ರೋಟೀನ್. ಲಿವರ್ ಕೋಶದ ಎಲ್‌ಡಿಎಲ್ ರಿಸೆಪ್ಟರ್ ಇದನ್ನು ಹಿಡಿದು ಔಷಧದ ಕಣವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಬಾಲವನ್ನು 18 ಕಾರ್ಬನ್‌ಗೆ ಉದ್ದ ಮಾಡಿದರೆ ಪೆಗ್ ಬೇಗ ಬಿಡುವುದಿಲ್ಲ. ಕಣ ರಕ್ತದಲ್ಲಿ ಜಾಸ್ತಿ ಹೊತ್ತು ಸುತ್ತುತ್ತದೆ, ಲಿವರ್‌ನಲ್ಲಿ ಕೆಲಸ ಮಾತ್ರ ಕಡಿಮೆ. ಪುರಾವೆ ಬೇಕೇ? ಅಪೊಲಿಪೊಪ್ರೋಟೀನ್ ಇ ಇಲ್ಲದ ಇಲಿಗಳಲ್ಲಿ ಈ ಬಗೆಯ ಕಣಗಳು ಕೈಕೊಟ್ಟವು. ಅದೇ ಪ್ರೋಟೀನ್ ಬೆರೆಸಿ ಕೊಟ್ಟಾಗ ಮತ್ತೆ ಕೆಲಸ ಮಾಡಿದವು. 2010ರ ಈ ಪ್ರಯೋಗ ಇಡೀ ವಿಷಯದಲ್ಲೇ ನನಗೆ ಅತಿ ಇಷ್ಟವಾದದ್ದು.

ಹಾಗಾದರೆ ಬೇರೆ ಅಂಗಕ್ಕೆ ಬೇರೆ ಪ್ರೋಟೀನ್ ಕೂರಿಸಬಹುದು ಅಲ್ವಾ? ಟೆಕ್ಸಾಸ್‌ನಲ್ಲಿ ಡೇನಿಯಲ್ ಸೀಗ್‌ವರ್ಟ್ ತಂಡ ಸಾಮಾನ್ಯವಾಗಿ ನಾಲ್ಕು ಬಗೆಯ ಲಿಪಿಡ್ ಇರುವ ಕಣಕ್ಕೆ ಐದನೆಯದೊಂದನ್ನು ಸೇರಿಸಿತು. ಸದಾ ಧನ ಚಾರ್ಜ್ ಇರುವ ಲಿಪಿಡ್ ಹಾಕಿದಾಗ ವಿಟ್ರೊನೆಕ್ಟಿನ್ ಜಾಸ್ತಿ ಅಂಟಿತು, ಕಣ ಶ್ವಾಸಕೋಶಕ್ಕೆ ಹೋಯಿತು. ಋಣ ಚಾರ್ಜ್ ಇರುವುದನ್ನು ಹಾಕಿದಾಗ ಬೀಟಾ-2 ಗ್ಲೈಕೊಪ್ರೋಟೀನ್ ಅಂಟಿತು, ಕಣ ಗುಲ್ಮಕ್ಕೆ ಹೋಯಿತು. ಇವು ಇಲಿಗಳಲ್ಲಿ ಕಂಡದ್ದು.

ಲ್ಯಾಬ್ ಪ್ರಬಂಧ ಓದುವಾಗ ವಿಧಾನದ ಭಾಗವನ್ನು ಹಾರಿಸಬೇಡಿ. ಸಾಮಾನ್ಯವಾಗಿ ಕಣಗಳನ್ನು 37 ಡಿಗ್ರಿಯಲ್ಲಿ ಪ್ಲಾಸ್ಮಾ ಜೊತೆ ಇಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳಕ್ಕೆ ಕೂತದ್ದನ್ನು ತೊಳೆದು, ಅಂಟಿದ ಪ್ರೋಟೀನ್‌ಗಳನ್ನು ಬಿಡಿಸಿ, ಗಾತ್ರದ ಪ್ರಕಾರ ಬೇರೆ ಮಾಡುವ ಜೆಲ್‌ನಲ್ಲಿ ಓಡಿಸುತ್ತಾರೆ. ತೊಳೆಯುವಾಗ ಸಾಫ್ಟ್ ಕರೋನಾ ಹರಿದುಹೋಗುತ್ತದೆ. ಜೆಲ್ ಮೇಲೆ ಕಾಣುವ ಪಟ್ಟಿಗಳು ಬಹುತೇಕ ಹಾರ್ಡ್ ಕರೋನಾದವು. ಬಳಸಿದ್ದು ಪ್ಲಾಸ್ಮಾವೋ ಸೀರಮ್ಮೋ ಎಂದೂ ನೋಡಿ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯೇ ಸೀರಮ್. ಹೆಪ್ಪು ಕಟ್ಟಿಸುವ ಪ್ರೋಟೀನ್ ಆದ ಫೈಬ್ರಿನೊಜೆನ್ ಆ ಹೆಪ್ಪಿನಲ್ಲೇ ಖರ್ಚಾಗಿರುತ್ತದೆ. ಪಾಲಿಅಕ್ರಿಲಿಕ್ ಆಮ್ಲ ಲೇಪಿಸಿದ ಕೆಲವು ಚಿನ್ನದ ಕಣಗಳ ಮೇಲೆ ಇದೇ ಫೈಬ್ರಿನೊಜೆನ್ ಬಿಚ್ಚಿಕೊಂಡು ಉರಿಯೂತದ ಸಂಕೇತ ಎಬ್ಬಿಸುತ್ತದೆ ಎಂದು 2011ರಲ್ಲಿ ವರದಿಯಾಗಿದೆ. ಕೋಶಗಳನ್ನು ಬೆಳೆಸುವ ತಟ್ಟೆಗೆ ಸಾಮಾನ್ಯವಾಗಿ ಹಾಕುವುದು ಶೇ. 10ರಷ್ಟು ಕರುವಿನ ಭ್ರೂಣದ ಸೀರಮ್. ಅಲ್ಲಿ ಕಣ ಹೊದ್ದುಕೊಳ್ಳುವುದು ದನದ ಪ್ರೋಟೀನ್, ಅದೂ ಫೈಬ್ರಿನೊಜೆನ್ ಇಲ್ಲದ್ದು.